ದೇವರು ಊರಲ್ಲಿಲ್ಲದ ದಿನ

ಶಿಲ್ಹಾದಲ್ಲಿ ಗೆಹ್ರು ಮಿಸ್ತ್ರಿಯ ಕೈ ತಾಗದ ಮನೆ ಅಂದರೆ ಒಂದೇ ಒಂದು, ಅವನು ವಾಸವಿದ್ದ ಮನೆ. ಅದು ನಾಲ್ಕು ಕಬ್ಬಿಣದ ಕಂಬಗಳ ಮೇಲೆ ನಿಂತ ತಗಡಿನ ಗೂಡು. ಉಳಿದವರದೆಲ್ಲ ಒಂದು ಸಾಲು ಕಲ್ಲು, ಅದರ ಮೇಲೊಂದು ಸಾಲು ದೇವದಾರು ತೊಲೆ, ಮತ್ತೆ ಕಲ್ಲು, ಮತ್ತೆ ತೊಲೆ ಹೀಗೆ ಎದ್ದ ಮನೆಗಳು. ಕುಲ್ಲೂ ಪಕ್ಕದ ಲಗ್ ಕಣಿವೆಯಲ್ಲಿ ಅವನ ಅಪ್ಪ, ಅಜ್ಜ, ಮುತ್ತಜ್ಜ ಕಟ್ಟಿದ್ದೂ ಹಾಗೆಯೇ. ಭೂಮಿ ನಡುಗಿದ ವರ್ಷ ಸಿಮೆಂಟಿನ ಶಾಲೆ ಅಡ್ಡಡ್ಡ ಬಿರುಕು ಬಿಟ್ಟಿತು, ಅವರ ಮನೆಗಳು ಒಂದು ಸಲ ಕಿರುಗುಟ್ಟಿ ಸುಮ್ಮನಾದವು.

ಬೆಂಕಿಯ ಮಾತೇ ಬೇರೆ. ಜನವರಿಯ ಒಂದು ಮಧ್ಯಾಹ್ನ ಗೆಹ್ರುವಿನ ಹಳೇ ಮನೆಯ ಮಾಡಿನ ಕೆಳಗೆ ಒಟ್ಟಿದ್ದ ಒಣಹುಲ್ಲಿಗೆ ಕಿಡಿ ಹಾರಿತು. ಊರಿನವರೆಲ್ಲ ಬುಟ್ಟಿ, ಕಂಬಳಿ, ಸಲಿಕೆ ಸಿಕ್ಕಿದ್ದರಲ್ಲಿ ಹಿಮ ಬಾಚಿ ಬಾಚಿ ಎರಚಿದರು. ನೂರೈವತ್ತು ವರ್ಷ ಒಣಗಿದ ದೇವದಾರು. ದೀಪದೆಣ್ಣೆಯ ಹಾಗೆ ಹತ್ತಿಕೊಂಡಿತು. ಸಂಜೆಯ ಹೊತ್ತಿಗೆ ಗೋಡೆಯ ಕಲ್ಲುಗಳು ಕರೀ ಗುಡ್ಡೆಯಾಗಿ ಬಿದ್ದಿದ್ದವು. ಮುತ್ತಜ್ಜ ಕೆತ್ತಿದ ಜಗಲಿಯ ಒಂದು ಚೂರೂ ಉಳಿಯಲಿಲ್ಲ. ಸರ್ಕಾರ ತಗಡು ಕೊಟ್ಟಿತು. ಗೆಹ್ರು, ಅವನ ಹೆಂಡತಿ ನೋಖಿ, ಎರಡು ಹಸು ಆ ತಗಡಿನ ಕೆಳಗೆ ಸೇರಿಕೊಂಡರು. ಮಗಳು ಅದಾಗಲೇ ಮದುವೆಯಾಗಿ ಪಾರ್ವತಿ ಕಣಿವೆಗೆ ಹೋಗಿಯಾಗಿತ್ತು.

ಮೊದಲ ವರ್ಷ ಜನ ಅಯ್ಯೋ ಅಂದರು. ಎರಡನೇ ವರ್ಷ ತಮಾಷೆ ಶುರುವಾಯಿತು.

"ಮಿಸ್ತ್ರಿ, ನಿನ್ನ ಮನೆ ಕೆತ್ತನೆ ಅದ್ಭುತ ಕಣಯ್ಯ. ತಗಡಿನ ಮೇಲೆ ಕಂಪನಿ ಹೆಸರು ಎಷ್ಟು ಅಂದವಾಗಿ ಬಿಡಿಸಿದ್ದೀಯ!"

ಗೆಹ್ರುವೂ ನಗುತ್ತಿದ್ದ. ನಕ್ಕು ಬಂದು ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಮರಕ್ಕೆ ಅರ್ಜಿ ಕೊಟ್ಟಿದ್ದ. ಕಾಡಿನ ಕಾವಲಿಗಿದ್ದವಳು ಪ್ರೋಮಿಲಾ, ಖಾಕಿ ಸ್ವೆಟರಿನ ಇಪ್ಪತ್ತೇಳರ ಹುಡುಗಿ. ಅರ್ಜಿಯನ್ನು ಎರಡು ಸಲ ಓದಿ ಹೇಳಿದಳು.

"ಹಸಿ ದೇವದಾರಿಗೆ ಯಾರೂ ಕೈ ಹಚ್ಚೋ ಹಾಗಿಲ್ಲ ಚಾಚಾ. ಒಣಗಿದ್ದು, ಬಿದ್ದಿದ್ದು ಇದ್ರೆ ಸರದಿ ಪ್ರಕಾರ ಸಿಗುತ್ತೆ. ನಿಮಗಿಂತ ಮುಂಚೆ ಹನ್ನೊಂದು ಜನ ಇದ್ದಾರೆ."

"ಸುಟ್ಟುಹೋದ ಮನೆಗೂ ಸರದಿನಾ ಬೇಟಿ?"

"ಏನು ಮಾಡ್ಲಿ? ಇದು ರಾಜ್ಯದ ಮರ. ಗೋಡೆ ಮೇಲೆ ಬೋರ್ಡೇ ಹಾಕಿದ್ದಾರೆ ನೋಡಿ."

"ರಾಜ್ಯದ ಮರ ಅಂತೆ. ಸರಿ, ರಾಜ್ಯ ಅದರಲ್ಲೇ ಮನೆ ಕಟ್ಟಿಕೊಂಡು ಸುಖವಾಗಿರಲಿ. ನಾವು ತಗಡಿನ ಪ್ರಜೆಗಳು."

ಪ್ರೋಮಿಲಾ ನಕ್ಕಳು. ಆಮೇಲೆ ನಗುವನ್ನು ನುಂಗಿಕೊಂಡಳು, ಪಾಪದ ಹುಡುಗಿ. ಅವಳ ಕೈಯಲ್ಲಿ ಏನೂ ಇರಲಿಲ್ಲ.

ಒಣಗಿದ್ದು ಸಿಗುತ್ತೆ ಅನ್ನುವ ಮಾತು ಮಾತ್ರ ಗೆಹ್ರುವಿನ ತಲೆಯಲ್ಲಿ ಕೂತುಬಿಟ್ಟಿತು. ಬೆಂಕಿಗೆ ಮನೆ ಕಳೆದುಕೊಂಡವನ ಹೊಲದ ಅಂಚಿಗೇ ಮರವೊಂದು ಒಣಗಿ ನಿಂತರೆ, ಹನ್ನೊಂದು ಜನರೂ ದಾರಿ ಬಿಟ್ಟುಕೊಡಲಿಕ್ಕಿಲ್ಲವೇ?

ಅವನ ಹೊಲದ ಮೇಲೆ, ಊರು ತನ್ನ ದೇವರದೆಂದು ನಂಬಿದ್ದ ಕಾಡು ಶುರುವಾಗುವ ಕಡೆ, ಹಳೇ ದೇವದಾರು ಒಂದಿತ್ತು. ಮೂರು ಜನ ಕೈ ಹಿಡಿದು ತಬ್ಬಿದರೆ ಮಾತ್ರ ಸುತ್ತು ಮುಗಿಯುವ ಬುಡ. ಕೊಂಬೆಗಳು ಮಟ್ಟಸವಾಗಿ, ಒಂದರ ಮೇಲೊಂದು ಹಾಸಿದ ಚಾಪೆಗಳ ಹಾಗೆ. ಎಂಥ ಹಿಮ ಬಿದ್ದರೂ ಕೆಳಗೊಂದು ಕೋಣೆಯಷ್ಟು ಜಾಗ ಒಣಗಿಯೇ ಇರುತ್ತಿತ್ತು. ಅಲ್ಲಿ ಇಪ್ಪತ್ತು ವರ್ಷಗಳಿಂದ ಪ್ರತಿ ಅಕ್ಟೋಬರಿನಲ್ಲಿ ಗದ್ದಿ ಕುರುಬ ಪೊಹ್ಲೋ ಬಂದು ಬಿಡಾರ ಹೂಡುತ್ತಿದ್ದ. ಮೇಲಿನ ಹುಲ್ಲುಗಾವಲಿನಿಂದ ಇಳಿದು, ಇನ್ನೂರು ಕುರಿಮೇಕೆಗಳ ಜೊತೆ ಹತ್ತು ದಿನ ತಂಗಿ, ಬೆಚ್ಚನೆಯ ಕೆಳನಾಡಿಗೆ ಹೋಗುವುದು ಅವನ ವಾಡಿಕೆ. ಅವನ ಊರು ಬೈಜನಾಥದ ಮೇಲೆ. ಜೊತೆಗೆ ಸೋದರಳಿಯ ರಿಖಿ ಇರುತ್ತಿದ್ದ, ಮದುವೆ ವಯಸ್ಸಿನ ಗಟ್ಟಿ ಆಳು. ಮನೆ ಸುಟ್ಟ ವರ್ಷ ಪೊಹ್ಲೋ ಸುದ್ದಿ ಕೇಳಿ, ಮೈಮೇಲೆ ಹೊದ್ದಿದ್ದ ಉಣ್ಣೆಯ ಪಟ್ಟು ಬಿಚ್ಚಿ ನೋಖಿಗೆ ಕೊಟ್ಟು, ಎರಡು ಹಾಲಿನ ಮೇಕೆ ಕಟ್ಟಿಹೋಗಿದ್ದ. ವಾಪಸು ಕೊಡಲು ಹೋದರೆ, "ಭಾಭಿಗೆ ಕೊಟ್ಟಿದ್ದು ಮಿಸ್ತ್ರಿ, ನಿನಗಲ್ಲ. ನಿನ್ನ ಕೈಗೆ ಕೊಟ್ರೆ ಅದರ ಮೇಲೂ ಹೂವು ಕೆತ್ತುತೀಯ," ಅಂದಿದ್ದ.

ಗೆಹ್ರು ಆ ಮರವನ್ನೇ ಆರಿಸಿಕೊಂಡ.

ಇಡೀ ಊರು ತನ್ನ ದೇವರನ್ನು ಪಲ್ಲಕ್ಕಿಯಲ್ಲಿ ಹೊತ್ತುಕೊಂಡು ದಸರೆಗೆಂದು ಕುಲ್ಲೂಗೆ ಇಳಿದ ವಾರ ಅದು. ಮನೆಗೊಬ್ಬ ಮುದುಕಿ, ದನಗಳು, ಅಷ್ಟೇ ಉಳಿದಿದ್ದು. ನೋಖಿ ಆಚೆ ಗುಡ್ಡದಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಹಾಡುಹಗಲು, ಬಿಸಿಲು ಚುರುಕಾಗಿತ್ತು. ದೇವರೇ ಊರಲ್ಲಿಲ್ಲ ಅಂತ ಗೆಹ್ರು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡದ್ದು ಮುಂದೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಕುಡಿದ ಮತ್ತಲ್ಲ, ಸಿಟ್ಟಲ್ಲ. ಲೆಕ್ಕ ಹಾಕಿ ದಿನ ನೋಡಿ ಹೋಗಿದ್ದ.

ಬುಡದ ಸುತ್ತ ಮೊಣಕಾಲುದ್ದ ಬಿದ್ದಿದ್ದ ಸೂಜಿ ಎಲೆಗಳನ್ನು, ಮಣ್ಣನ್ನು ಬಗೆದು ಸರಿಸಿದ. ಬೇರು ಕವಲೊಡೆಯುವ ಜಾಗದಲ್ಲಿ ಬಾಚಿಯಿಂದ ತೊಗಟೆ ಬಿಡಿಸಿದ. ಸುತ್ತಲೂ, ಅಂಗೈಯಗಲ, ಬೆರಳಿನಾಳ. ತೊಗಟೆಯ ಒಳಗಿನ ಬಿಳಿ ಪದರ ಒದ್ದೆಯಾಗಿತ್ತು. ಮುಟ್ಟಿದರೆ ತಣ್ಣಗೆ, ಆಗತಾನೇ ತೊಳೆದ ಮಗುವಿನ ಬೆನ್ನಿನ ಹಾಗೆ. ಜೀವಮಾನವೆಲ್ಲ ಮರ ಕಡಿದವನು, ಸತ್ತ ಮರವನ್ನು. ನಿಂತ ಮರದ ಚರ್ಮ ಸುಲಿದದ್ದು ಅದೇ ಮೊದಲು. ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ ಮಣ್ಣು ಎಳೆದು, ಎಲೆ ಹರಡಿ, ಪಾಚಿ ಕಿತ್ತು ತಂದು ಹೊದಿಸಿದ. ತಲೆಯೆತ್ತಿ ನೋಡಿದರೆ ಮರ ಹೇಗಿತ್ತೋ ಹಾಗೇ, ಹಸಿರಾಗಿ, ಗಾಳಿಗೆ ಸಣ್ಣಗೆ ಸುಯ್‌ಗುಟ್ಟುತ್ತ ನಿಂತಿತ್ತು.

ತೋಳಿನ ಮೇಲೆಲ್ಲ ಅಂಟು ಮೆತ್ತಿತ್ತು. ಆ ಅಂಗಿಯನ್ನು ನೋಖಿ ಬೂದಿ ಹಾಕಿ, ಬಿಸಿನೀರಲ್ಲಿ ನೆನೆಸಿ, ಕಲ್ಲಿಗೆ ಒಗೆದಳು. ಏನಾಯಿತು ಅಂತ ಕೇಳಲಿಲ್ಲ. ಮರಗೆಲಸದವನ ಅಂಗಿಗೆ ಅಂಟು ಮೆತ್ತುವುದು ಯಾವ ದೊಡ್ಡ ವಿಷಯ ಎಂದುಕೊಂಡು ಗೆಹ್ರು ಸಮಾಧಾನ ಮಾಡಿಕೊಂಡ.

ವಾರ ಕಳೆದು ಪೊಹ್ಲೋ ಬಂದ. ಅದೇ ಮರದಡಿ ಕಂಬಳಿ ಹಾಸಿದ. ಮಾರನೇ ಬೆಳಿಗ್ಗೆ ಚಹಾ ಕುಡಿಯಲು ಬಂದವನು ಮೈಮುರಿದು ಹೇಳಿದ:

"ಈ ವರ್ಷ ಬುಡದ ಮಣ್ಣು ಏನು ಮೆತ್ತಗಿದೆ ಮಿಸ್ತ್ರಿ! ಹಾಸಿಗೆ ಹಾಸಿದ ಹಾಗೆ. ಮುದುಕ ಆದಮೇಲೆ ಇಷ್ಟು ಒಳ್ಳೆ ನಿದ್ದೆ ಬಂದೇ ಇರಲಿಲ್ಲ."

ಗೆಹ್ರು ಎದ್ದು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದ.

ಮರವೇನೋ ಒಂದು ವರ್ಷದಲ್ಲಿ ಒಣಗುತ್ತದೆ ಅಂದುಕೊಂಡಿದ್ದ. ಅದು ಅಷ್ಟು ಸುಲಭಕ್ಕೆ ಸಾಯಲಿಲ್ಲ. ಮರುವರ್ಷ ಹಸಿರಾಗಿಯೇ ಇತ್ತು. ಅದರ ಮುಂದಿನ ವರ್ಷ ಕಾಯಿ ಬಿಟ್ಟಿತು ನೋಡಿ, ಶಿಲ್ಹಾದ ಯಾವ ಮುದುಕನೂ ಕಂಡಿರದಷ್ಟು. ಪ್ರತಿ ಕೊಂಬೆಯ ಮೇಲೂ ಮೊಟ್ಟೆ ಜೋಡಿಸಿಟ್ಟ ಹಾಗೆ ಕಾಯಿಗಳು ನೆಟ್ಟಗೆ ಕೂತಿದ್ದವು. ಚಳಿಗಾಲದಲ್ಲಿ ಅವು ಬಿರಿದು ರೆಕ್ಕೆಬೀಜಗಳು ಹಾರಿ ಊರೊಳಗೆಲ್ಲ ಬಿದ್ದವು. ಅಂಗಳದಲ್ಲಿ, ಹಿಟ್ಟಿನ ಬುಟ್ಟಿಯಲ್ಲಿ, ಹಸುವಿನ ಬೆನ್ನ ಮೇಲೆ. ಜನರಿಗೆ ಖುಷಿಯೋ ಖುಷಿ. ಈ ವರ್ಷ ದೇವರು ಒಲಿದಿದ್ದಾನೆ ಅಂದರು. ಗೆಹ್ರುವಿಗೆ ಗೊತ್ತಿತ್ತು. ಸಾಯುವ ಮರ ಹಾಗೆ ಬೀಜ ಬಿಡುತ್ತದೆ, ಇರುವ ಬಲವನ್ನೆಲ್ಲ ಸುರಿದು. ಅಪ್ಪ ಹೇಳಿಕೊಟ್ಟ ವಿದ್ಯೆ. ನೋಖಿ ಅಂಗಳ ಗುಡಿಸಿ ಬೀಜ ಒಟ್ಟು ಮಾಡುವಾಗ ಅವನು ಎದ್ದು ಒಳಗೆ ಹೋಗುತ್ತಿದ್ದ.

ಮೂರನೇ ಬೇಸಿಗೆಯಲ್ಲಿ ತುದಿ ಹಳದಿಯಾಯಿತು. ಮಳೆ ಮುಗಿಯುವಷ್ಟರಲ್ಲಿ ಇಡೀ ಮರ ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿತ್ತು. ಹನ್ನೊಂದು ಜನರಲ್ಲಿ ಕೆಲವರು ಅವರಾಗಿಯೇ ಬಂದು, "ಇದು ನೀನೇ ತಗೋ ಮಿಸ್ತ್ರಿ, ನಾವು ಅಡ್ಡ ಬರಲ್ಲ," ಅಂದರು. ಲೆಕ್ಕ ಸರಿಯಾಗಿಯೇ ಬಂದಿತ್ತು.

ಅಕ್ಟೋಬರಿನಲ್ಲಿ ಪ್ರೋಮಿಲಾ ಕಡಿಯಬಹುದು ಅಂತ ಮುದ್ರೆ ಒತ್ತುವ ಸುತ್ತಿಗೆ ಹಿಡಿದು ಬಂದಳು. ಬುಡದಲ್ಲಿ ಮುದ್ರೆ ಬೀಳಬೇಕು, ಅದಕ್ಕೆ ಎಲೆ ಮಣ್ಣು ಸರಿಸಿದಳು. ಸರಿಸಿದವಳು ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ಇದು ತಾನಾಗಿ ಒಣಗಿದ್ದಲ್ಲ," ಅಂದಳು.

ಸುದ್ದಿ ಊರು ಸುತ್ತಲು ಎಷ್ಟು ಹೊತ್ತು? ಎಲ್ಲರೂ ಬಂದು ಸೇರಿದರು. ದೇವರ ಭಂಡಾರ, ಭೂಮಿ, ಹಬ್ಬ ಎಲ್ಲದರ ಆಡಳಿತ ನೋಡಿಕೊಳ್ಳುವ ಕಾರದಾರ ಟೆಢಿ ಸಿಂಗ್ ಕೋಲೂರಿಕೊಂಡು ಬಂದ. ಪೊಹ್ಲೋ ಎರಡು ದಿನದ ಹಿಂದಷ್ಟೇ ಇಳಿದು ಅಲ್ಲೇ ಬಿಡಾರ ಹೂಡಿದ್ದ. ಮರದ ಬುಡದ ಒಂದು ಕಡೆ ಅವನ ಇಪ್ಪತ್ತು ವರ್ಷದ ಒಲೆಯ ಮಸಿ. ಪಕ್ಕದಲ್ಲಿ ಅವನ ಕೊಡಲಿ.

ಯಾರೂ ಹೆಸರು ಹೇಳಲಿಲ್ಲ, ಆದರೆ ಎಲ್ಲರ ಕಣ್ಣೂ ಆ ಕೊಡಲಿಯ ಮೇಲಿತ್ತು.

"ಮಿಸ್ತ್ರಿ, ನಿನಗಿಂತ ಮರ ಬಲ್ಲವರು ಯಾರಿದ್ದಾರೆ?" ಟೆಢಿ ಸಿಂಗ್ ಕೇಳಿದ. "ನೋಡಿ ಹೇಳು. ಯಾರ ಕೆಲಸ ಇದು, ಯಾಕೆ ಮಾಡಿರಬಹುದು?"

ಗೆಹ್ರು ಬಗ್ಗಿದ. ಮೂರು ವರ್ಷದ ಗಾಯ ಕಪ್ಪಾಗಿ, ಅಂಚಿನಲ್ಲಿ ಅಂಟು ಹರಳುಗಟ್ಟಿ ನಿಂತಿತ್ತು. ಬಾಚಿಯ ಒಂದೊಂದು ಏಟೂ ಅವನಿಗೆ ಗುರುತು ಸಿಗುತ್ತಿತ್ತು, ತನ್ನ ಕೈಬರಹ ತಾನು ಓದಿದ ಹಾಗೆ. ಗೊತ್ತಿಲ್ಲ ಅಂದಿದ್ದರೂ ಸಾಕಿತ್ತು. ಸುಮ್ಮನಿದ್ದರೂ ಸಾಕಿತ್ತು. ಬಾಯಿಂದ ಬಂದದ್ದೇ ಬೇರೆ.

"ಕೊಡಲಿ ಇರಬಹುದು," ಅಂದ. "ಕುರಿ ಕಜ್ಜಿಗೆ ದೇವದಾರು ಎಣ್ಣೆ ಹಚ್ತಾರಲ್ಲ. ಎಣ್ಣೆ ಬೇಕಾದೋರು ಬುಡ ಕೆತ್ತೋದುಂಟು."

ಅಷ್ಟೇ. ಎರಡು ಮಾತು.

ಪೊಹ್ಲೋ ದಂಗಾಗಿ ಅವನ ಮುಖ ನೋಡಿದ. "ಮಿಸ್ತ್ರಿ, ನಾನು ಎಣ್ಣೆ ಜೋಗಿಂದರ್ ನಗರದ ಅಂಗಡೀಲಿ ತಗೊಳ್ಳೋದು. ಡಬ್ಬಿ ನೀನೇ ನೋಡಿದೀಯ."

ಗೆಹ್ರು ಗಾಯದಂಚಿನ ಅಂಟಿನ ಹರಳೊಂದನ್ನು ಉಗುರಿನಿಂದ ಕೆರೆದ.

ಮರುದಿನ ದೇವರ ಅಂಗಳದಲ್ಲಿ ಸಭೆ ಕೂಡಿತು. ದೇವರ ಬಾಯಾಗಿ ಮಾತಾಡುವ ಗೂರನ ಮೈಮೇಲೆ ದೇವರು ಬಂತು. ಜಡೆ ಬಿಚ್ಚಿ, ನಡುಗುತ್ತ, ಗೂರ ಕೂಗಿದ: "ನನ್ನ ಮರದ ಕೊರಳು ಕೊಯ್ದವನು ನನ್ನ ಕಣ್ಣೆದುರೇ ನಿಂತಿದ್ದಾನೆ!" ಮುಗಿಯಿತು, ಇನ್ನು ಹೆಸರು ಬರುತ್ತದೆ ಅಂದುಕೊಂಡ ಗೆಹ್ರು. ಆದರೆ ಜನ ತಿರುಗಿದ್ದು ಅಂಗಳದ ಅಂಚಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಪೊಹ್ಲೋನ ಕಡೆಗೆ. ಗೂರ ಇನ್ನೇನೂ ಹೇಳಲಿಲ್ಲ.

ಗದ್ದಿಯ ಹಿಂಡು ಇನ್ನು ಶಿಲ್ಹಾದ ಗಡಿ ತುಳಿಯಬಾರದು ಅಂತ ತೀರ್ಮಾನವಾಯಿತು. ಪೊಹ್ಲೋ ವಾದ ಮಾಡಲಿಲ್ಲ. ಕುರಿಗಳನ್ನು ಎಬ್ಬಿಸಿಕೊಂಡು ಮಧ್ಯಾಹ್ನವೇ ಹೊರಟ. ಹೋಗುವಾಗ ರಿಖಿ ಏನೋ ಕೇಳಿದ್ದಕ್ಕೆ ಅವನು ಗದರಿದ್ದು ಗೆಹ್ರುವಿಗೆ ದೂರದಿಂದ ಕೇಳಿಸಿತು. ಮಾತು ಏನೆಂದು ಕೇಳಲಿಲ್ಲ.

ಇನ್ನೊಂದು ವಿಚಿತ್ರ ಅಂದರೆ, ಮರವೂ ಗೆಹ್ರುವಿಗೆ ಸಿಗಲಿಲ್ಲ. ಕೊಂದ ಮರವನ್ನು ಖಾಸಗಿ ಮನೆಗೆ ಕೊಡಲಾಗದು ಅಂದರು ಮೇಲಿನವರು. ಊರಿನವರು ಸೇರಿ ದೇವರನ್ನೂ ಅವನ ಒಡವೆಯನ್ನೂ ಇಡುವ ಹೊಸ ಭಂಡಾರಕ್ಕೆ ಕೇಳಿದರು, ಅದಕ್ಕೆ ಒಪ್ಪಿಗೆ ಬಂತು. ಭಂಡಾರ ಕಟ್ಟುವವನು ಯಾರು? ಗೆಹ್ರುವೇ. ಶಿಲ್ಹಾದ ದೇವರ ಕೆಲಸ ಅವನ ವಂಶಕ್ಕೆ ಸೇರಿದ್ದು.

ಎರಡು ವರ್ಷ ಅವನು ಆ ಮರದ ಜೊತೆ ಬದುಕಿದ. ಸೀಳಿದ. ತೊಲೆ ಮಾಡಿದ. ಬಾಗಿಲ ಹಲಗೆಯ ಮೇಲೆ ಹೂಬಳ್ಳಿ, ಸೂರ್ಯ, ಎರಡು ನಾಗರ ಕೆತ್ತಿದ. ಉಳಿ ತಾಗಿದರೆ ಸಾಕು, ಹೊಸ ಮರದ ಘಮ ಗುಪ್ಪೆಂದು ಏಳುತ್ತಿತ್ತು. ಊರಿನ ಹೆಂಗಸರು ನೀರಿಗೆ ಹೋಗುವ ದಾರಿಯಲ್ಲಿ ನಿಂತು ಮೂಗರಳಿಸಿ, "ಏನು ಪರಿಮಳ ಮಿಸ್ತ್ರಿ, ನಿನ್ನ ಕೈಗೆ ಪುಣ್ಯ ಬರ್ಲಿ," ಅನ್ನುತ್ತಿದ್ದರು. ಅವನಿಗೆ ಆ ಘಮವೇ ಊಟದಲ್ಲಿ, ಹಾಸಿಗೆಯಲ್ಲಿ, ಬಾಯೊಳಗೆ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಕೆತ್ತಿರಲಿಲ್ಲ. ಅದು ಇನ್ನೂ ದೊಡ್ಡ ಹಿಂಸೆ. ಕೈ ಅಂಥಾದ್ದನ್ನು ಮಾಡಿಯೂ ಇಂಥಾದ್ದನ್ನು ಮಾಡಬಲ್ಲದು ಅಂತ ನೋಡನೋಡುತ್ತ ಅವನಿಗೆ ತನ್ನ ಬೆರಳುಗಳೇ ಬೇರೆಯವರವು ಅನ್ನಿಸುತ್ತಿತ್ತು.

ಎರಡನೇ ವರ್ಷದ ಚಳಿಗಾಲ ಮುಗಿಯುತ್ತ ಬಂದಾಗ ಪ್ರೋಮಿಲಾ ಉಳಿದ ದಿಮ್ಮಿ ಅಳೆಯಲು ಬಂದಳು. ಅಳತೆ ಬರೆದುಕೊಂಡು ಪೆನ್ನು ಮುಚ್ಚಿದಳು.

"ಆ ಗದ್ದಿ ಸುದ್ದಿ ಕೇಳಿದ್ರಾ ಚಾಚಾ? ಪೊಹ್ಲೋದು?"

"ಇಲ್ಲ."

"ಈ ಕಡೆ ದಾರಿ ಇಲ್ಲ ಅಂತ ಮೇಲಿನ ಕಣಿವೆ ದಾಟಿ ಸುತ್ತು ಹಾಕಿಕೊಂಡು ಹೋದನಂತೆ. ಹಿಮ ಬೇಗ ಬಿತ್ತಲ್ಲ ಈ ಸಲ. ಅರ್ಧಕ್ಕರ್ಧ ಕುರಿ ಹೋಯ್ತು. ಅವನ ಬಲಗಾಲಿನ ಬೆರಳೆಲ್ಲ ಸತ್ತುಹೋಗಿ ಕತ್ತರಿಸಿದ್ರಂತೆ. ಅದೂ ಒಬ್ಬನೇ ಇದ್ದನಂತೆ." ಅವಳು ನೆಲ ನೋಡಿದಳು. "ನಾನು ವರದೀಲಿ ಅವನ ಹೆಸರು ಬರೀಲಿಲ್ಲ. ಯಾರೋ ಅಪರಿಚಿತರು ಅಂತ ಬರೆದೆ. ಆದ್ರೂ ಒಂಥರಾ ಆಗುತ್ತೆ."

ಅವಳು ಹೋದ ಮೇಲೆ ಗೆಹ್ರು ಉಳಿ ಎತ್ತಿಕೊಂಡ, ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಕೊನೆಗೆ ಮನೆಗೆ ಬಂದ. ನೋಖಿ ಒಲೆಯ ಮುಂದೆ ಅಕ್ರೋಟ ಒಡೆಯುತ್ತಿದ್ದಳು.

"ನೋಖೀ, ಆ ಮರ..." ಅಂದ.

"ನೀನೇ," ಅಂದಳು ಅವಳು. ಸುತ್ತಿಗೆ ನಿಲ್ಲಿಸಲಿಲ್ಲ. "ನನಗೆ ಗೊತ್ತು. ಅವತ್ತೇ ಗೊತ್ತಾಯ್ತು. ಆ ವಾರ ನಿನಗೆ ಎಲ್ಲೂ ಕೆಲಸ ಇರಲಿಲ್ಲ. ಅಂಗಿ ತುಂಬ ಹಸಿ ಅಂಟು."

"ಮತ್ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಹೇಳಿಬಿಡ್ತಿದ್ದೆ ನೀನು. ಹೇಳಿದ್ಮೇಲೆ ನನಗೂ ಮನೆ ಬೇಡ ಅನ್ನಬೇಕಾಗ್ತಿತ್ತು." ಒಡೆದ ಅಕ್ರೋಟದಿಂದ ತಿರುಳು ಬಿಡಿಸಲು ಹೋದಳು, ಅದು ಪುಡಿಯಾಯಿತು. "ಪೊಹ್ಲೋ ಭಾಯಿನ ಓಡಿಸಿದ ದಿನ ನಾನು ಅಂಗಳದ ಮೂಲೇಲೇ ನಿಂತಿದ್ದೆ. ಹೆಂಗಸರ ಸಾಲಿನಲ್ಲಿ. ಅವನು ಕೊಟ್ಟ ಪಟ್ಟು ಹೊದ್ದುಕೊಂಡೇ ನಿಂತಿದ್ದೆ. ಅಷ್ಟು ಜನರಲ್ಲಿ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ."

ಗೆಹ್ರು ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡು ಉಳಿದ ಅಕ್ರೋಟ ಒಡೆದ.

ವೈಶಾಖದಲ್ಲಿ ಭಂಡಾರದ ಪ್ರವೇಶ ಇಟ್ಟರು. ಅಕ್ಕಪಕ್ಕದ ಊರಿನವರೂ ಬಂದಿದ್ದರು. ಡೋಲು, ಕಹಳೆ ನಿಂತ ಮೇಲೆ ಟೆಢಿ ಸಿಂಗ್ ಗೆಹ್ರುವನ್ನು ಮುಂದೆ ಕರೆದು, ಭುಜಕ್ಕೆ ಶಾಲು ಹೊದಿಸಿ, ತಲೆಗೆ ಹೊಸ ಕುಲ್ಲೂ ಟೋಪಿ ಇಟ್ಟ. "ಇಂಥ ಬಾಗಿಲು ಮಾಡಿದವರು ಈ ಕಣಿವೇಲಿ ಹಿಂದಿಲ್ಲ, ಮುಂದೂ ಹುಟ್ಟಲ್ಲ," ಅಂದ. ಜನ ಜೈಕಾರ ಹಾಕಿದರು.

ಗೆಹ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಈ ಮರ ಕೊಂದವನು ನಾನು," ಅಂದ.

ಸದ್ದು ಅಷ್ಟಾಗಿ ಹೊರಡಲಿಲ್ಲ. ಹಿಂದಿನವರಿಗೆ ಕೇಳಿಸದೆ ಯಾರೋ ಇನ್ನೊಂದು ಸಲ ಜೈ ಅಂದರು. ಅವನು ದನಿ ಏರಿಸಿ ಮತ್ತೆ ಹೇಳಿದ.

"ಬುಡ ಸುಲಿದವನು ನಾನು. ನನ್ನ ಮನೆಗೆ ಅಂತ. ನೀವೆಲ್ಲ ದಸರೆಗೆ ಹೋಗಿದ್ದಿರಿ. ಗದ್ದಿ ಏನೂ ಮಾಡಿಲ್ಲ. ಎಣ್ಣೆ ಮಾತು ನಾನು ಕಟ್ಟಿದ್ದು."

ಟೆಢಿ ಸಿಂಗ್ ಅವನ ತೋಳು ಹಿಡಿದು ಹಲ್ಲು ಕಚ್ಚಿ ಪಿಸುಗುಟ್ಟಿದ: "ಬಾಯಿ ಮುಚ್ಚೋ. ಪ್ರವೇಶ ಆಗಿಹೋಗಿದೆ. ದೇವರು ಒಳಗೆ ಕೂತಿದ್ದಾನೆ. ಈಗ ಏನಂತ ಎಬ್ಬಿಸೋಣ ಅವನನ್ನ?" ಆಮೇಲೆ ಜನರ ಕಡೆ ತಿರುಗಿ ಗಟ್ಟಿಯಾಗಿ ನಕ್ಕ. "ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದಾನೆ, ತಲೆ ತಿರುಗಿದೆ ಪಾಪ!"

"ಬಾಚಿ ತನ್ನಿ," ಅಂದ ಗೆಹ್ರು. "ಮೋಟು ಇನ್ನೂ ಅಲ್ಲೇ ಇದೆ. ಏಟಿಗೆ ಏಟು ಕೂರಿಸಿ ತೋರಿಸ್ತೀನಿ."

ಆಗ ಯಾರೂ ನಗಲಿಲ್ಲ. ಗುಂಪಿನ ಅಂಚಿನಲ್ಲಿದ್ದ ಪ್ರೋಮಿಲಾ ಕಣ್ಣು ಮುಚ್ಚಿಕೊಂಡದ್ದು ಅವನಿಗೆ ಕಾಣಿಸಿತು.

ಮುಂದಿನದೆಲ್ಲ ಆಗಬೇಕಾದ್ದೇ. ಕೇಸಾಯಿತು, ಕುಲ್ಲೂಗೆ ಅಲೆದು ದಂಡ ಕಟ್ಟಿದ. ಊರು ತನ್ನ ಪಾಲಿನ ಶಿಕ್ಷೆ ಕೊಟ್ಟಿತು. ಅವನು, ಅವನ ವಂಶದವರು ಇನ್ನು ಮೇಲೆ ದೇವರ ಮರದ ಕೆಲಸ ಮುಟ್ಟಬಾರದು. ಬಾಗಿಲನ್ನು ಮಾತ್ರ ಯಾರೂ ಕೀಳಲಿಲ್ಲ. ಅದು ಚೆನ್ನಾಗಿತ್ತು.

"ಗದ್ದಿಗೆ ಹೇಳಿ ಕಳಿಸೋಣ," ಅಂದ ಟೆಢಿ ಸಿಂಗ್. "ಯಾರಾದ್ರೂ ಆ ಕಡೆ ಹೋದಾಗ."

ಒಂದು ತಿಂಗಳಾದರೂ ಯಾರೂ ಆ ಕಡೆ ಹೋಗಲಿಲ್ಲ. ಹೊರಗಿನವನೊಬ್ಬನ ಮುಂದೆ ಹೋಗಿ ಊರು ತಪ್ಪು ಮಾಡಿತು ಅನ್ನಲು ಯಾರಿಗೆ ಬಾಯಿ ಬರುತ್ತದೆ? ನೋಖಿ ಒಂದು ಬೆಳಿಗ್ಗೆ ರೊಟ್ಟಿ ಕಟ್ಟಿ ಅವನ ಮುಂದಿಟ್ಟಳು.

"ಯಾರಾದ್ರೂ ಅಂದ್ರೆ ನೀನೇ," ಅಂದಳು.

ಎರಡು ಬಸ್ಸು ಬದಲಿಸಿ, ಬೈಜನಾಥದಿಂದ ಮೇಲಕ್ಕೆ ನಡೆದು, ಕೇಳಿಕೊಂಡು ಹೋದಾಗ ಮನೆ ಸಿಕ್ಕಿತು. ಸ್ಲೇಟು ಕಲ್ಲಿನ ಮಾಡು, ಮುಂದೆ ಅರ್ಧ ಖಾಲಿಯಾದ ಕುರಿದೊಡ್ಡಿ. ಪೊಹ್ಲೋನ ಹೆಂಡತಿ ಕೇಸ್ರೋ ಅವನನ್ನು ನೋಡಿದವಳೇ ಬಾಗಿಲಿಗೆ ಅಡ್ಡ ನಿಂತಳು. ಯಾವ ಊರಿನ ಟೋಪಿ ಅಂತ ಅವಳಿಗೆ ಗೊತ್ತಾಗಿತ್ತು.

"ಇನ್ನೇನು ಉಳಿದಿದೆ ಅಂತ ಬಂದ್ರಿ ಶಿಲ್ಹಾದವರು? ಎಡಗಾಲು ಇದೆ. ಬೇಕಾ?"

"ಬಿಡು ಅವನನ್ನ," ಒಳಗಿಂದ ಪೊಹ್ಲೋನ ದನಿ ಬಂತು.

ಪೊಹ್ಲೋ ಗೋಡೆಗೊರಗಿ ಕೂತು ಉಣ್ಣೆ ನೂಲುತ್ತಿದ್ದ. ತೆಳ್ಳಗಾಗಿದ್ದ. ಬಲಗಾಲಿಗೆ ಬಟ್ಟೆ ಸುತ್ತಿದ್ದ. ಗೆಹ್ರು ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ನಿಂತಲ್ಲೇ, ಕೇಳಿದವರಿಗೆ ಅಡ್ರೆಸ್ ಹೇಳುವ ಹಾಗೆ, ಒಂದೊಂದಾಗಿ ಹೇಳಿದ. ದಸರೆ, ಬಾಚಿ, ಮೆತ್ತಗಿನ ಮಣ್ಣು, ಎಣ್ಣೆಯ ಮಾತು.

ಪೊಹ್ಲೋ ಬೈಯುತ್ತಾನೆ, ಹೊಡೆಯುತ್ತಾನೆ, ಇಲ್ಲ ಕ್ಷಮಿಸುತ್ತಾನೆ ಅಂತೆಲ್ಲ ಗೆಹ್ರು ದಾರಿಯುದ್ದಕ್ಕೂ ಯೋಚಿಸಿದ್ದ. ಪೊಹ್ಲೋ ಕದಿರನ್ನು ನೆಲಕ್ಕಿಟ್ಟ. ಅವನ ಮುಖ ಬಣ್ಣಗೆಟ್ಟಿತು.

"ನೀನಾ?" ಅಂದ. "ರಿಖಿ ಅಲ್ವಾ?"

ಗೆಹ್ರುವಿಗೆ ಅರ್ಥವಾಗಲಿಲ್ಲ.

"ನಾನು ರಿಖಿ ಅಂದುಕೊಂಡಿದ್ದೆ," ಪೊಹ್ಲೋ ಮೆಲ್ಲಗೆ ಹೇಳಿದ. "ನಾನಲ್ಲ ಅಂತ ನನಗೆ ಗೊತ್ತು. ಊರಿನವರು ಮಾಡಲ್ಲ, ಅದು ಅವರ ದೇವರ ಕಾಡು. ನೀನು ಮರ ಬಲ್ಲವನು, ಎಣ್ಣೆಗೇ ಕೆತ್ತಿದ್ದಾರೆ ಅಂದೆ. ಇನ್ಯಾರು ಉಳಿದ್ರು? ಎಣ್ಣೆಗೆ ಅಂತ ಕೊಟ್ಟ ದುಡ್ಡು ಸಿಗರೇಟಿಗೆ ಹಾಕಿ, ಬುಡ ಕೆತ್ತಿದ್ದಾನೆ ಅಂದುಕೊಂಡೆ. ಆ ಸಂಜೆ ದಾರೀಲೇ ಹೊಡೆದೆ ಅವನನ್ನ. ನಾನಲ್ಲ ಮಾಮಾ, ನಾನಲ್ಲ ಅಂತಿದ್ದ. ಸತ್ತ ನನ್ನ ತಂಗಿ ಮೇಲೆ ಆಣೆ ಇಟ್ಟ. ತಾಯಿ ಹೆಸರು ಬೇರೆ ಎತ್ತುತೀಯಾ ಅಂತ ಇನ್ನೂ ಹೊಡೆದೆ. ಬೆಳಗಾಗುವಷ್ಟರಲ್ಲಿ ಹೊರಟುಹೋಗಿದ್ದ." ಅವನು ಬಟ್ಟೆ ಸುತ್ತಿದ ಕಾಲನ್ನು ನೋಡಿಕೊಂಡ. "ಮರುವರ್ಷ ಹಿಮದಲ್ಲಿ ನಾನು ಒಬ್ಬನೇ ಇದ್ದೆ, ಗೊತ್ತಾ? ಇಬ್ಬರಿದ್ದಿದ್ರೆ..."

ಕೇಸ್ರೋ ಬಾಗಿಲಲ್ಲೇ ಕುಸಿದು ಕೂತಳು. ಗೆಹ್ರುವಿಗೆ ಮರದ ಬುಡದಲ್ಲಿ ತಾನು ಬಗ್ಗಿ ಹೇಳಿದ ಆ ಎರಡು ಮಾತು ಎಲ್ಲೆಲ್ಲಿ ಹೋಗಿ ಯಾರ್ಯಾರ ಮೈಗೆ ತಾಗಿತು ಅಂತ ಆಗ ತಿಳಿಯಿತು. ಅವನ ಲೆಕ್ಕದಲ್ಲಿ ಒಂದು ಮರ, ಒಬ್ಬ ಮನುಷ್ಯ, ಒಂದಷ್ಟು ಕುರಿ ಇದ್ದವು. ರಿಖಿ ಇರಲೇ ಇಲ್ಲ.

"ಎಲ್ಲಿದ್ದಾನೆ ಈಗ?" ಕೇಳಿದ.

"ಜೋಗಿಂದರ್ ನಗರದಲ್ಲಿ. ಯಾವುದೋ ವರ್ಕ್‌ಶಾಪಿನಲ್ಲಿ ಬೆಸುಗೆ ಕೆಲಸ. ಮೂರು ಸಲ ಹೇಳಿ ಕಳಿಸಿದ್ಲು ಕೇಸ್ರೋ. ನಾನು ಹೋಗಲಿಲ್ಲ. ಅವನೇ ಬಂದು ತಪ್ಪಾಯ್ತು ಅನ್ನಲಿ ಅಂತ ಕಾಯ್ತಿದ್ದೆ." ಪೊಹ್ಲೋ ಗೋಡೆ ಹಿಡಿದು ಎದ್ದ. "ಕೋಲು ಕೊಡೇ. ನಡಿ ಮಿಸ್ತ್ರಿ. ನನ್ನ ಹತ್ರ ಹೇಳಿದ್ದು ಸಾಲದು. ಅವನ ಹತ್ರ ಹೇಳು."

ಇಳಿಜಾರಿನಲ್ಲಿ ಗೆಹ್ರು ತೋಳು ಕೊಡಲು ಹೋದ. ಪೊಹ್ಲೋ ತೆಗೆದುಕೊಳ್ಳಲಿಲ್ಲ. ಕೋಲೂರಿ, ಹಿಮ್ಮಡಿಯ ಮೇಲೆ ಭಾರ ಹಾಕಿ, ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ತೆಗೆದುಕೊಂಡ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ.

ವರ್ಕ್‌ಶಾಪು ರಸ್ತೆ ಪಕ್ಕದಲ್ಲೇ ಇತ್ತು. ರಿಖಿ ಕಪ್ಪು ಕನ್ನಡಕ ಹಾಕಿಕೊಂಡು ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದ. ಮಾಮನನ್ನು ಕಂಡವನು ಕಿಡಿ ನಿಲ್ಲಿಸಿದ, ಕನ್ನಡಕ ಹಣೆಗೇರಿಸಿದ. ಅವನ ಹುಬ್ಬಿನ ಮೇಲೊಂದು ಹಳೇ ಗಾಯದ ಗೀರಿತ್ತು.

"ಹೇಳು," ಅಂದ ಪೊಹ್ಲೋ.

ಗೆಹ್ರು ಹೇಳಿದ. ಮೂರನೇ ಸಲಕ್ಕಾದರೂ ಮಾತು ಸಲೀಸಾಗುತ್ತದೆ ಅಂದುಕೊಂಡಿದ್ದ. ಆಗಲಿಲ್ಲ. ಪಕ್ಕದಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು, ಆ ಸದ್ದಿಗೆ ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ರಿಖಿ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡವನು ಗೆಹ್ರುವಿನ ಕಡೆ ನೋಡಲೇ ಇಲ್ಲ. ಅವನ ಕಣ್ಣು ಪೊಹ್ಲೋನ ಮೇಲಿತ್ತು.

"ನಿನ್ನ ಅಮ್ಮನ ಮೇಲೆ ಆಣೆ ಇಟ್ಟೆ ನೀನು," ಪೊಹ್ಲೋ ಹೇಳಿದ, "ನಾನು ನಂಬಲಿಲ್ಲ."

ರಿಖಿ ಕೈಗವಸು ಕಳಚಿದ. ಮುರಿದ ಕುರ್ಚಿಯೊಂದನ್ನು ಎಳೆದು ಮಾಮನನ್ನು ಕೂರಿಸಿದ. ಅವನ ಮುಂದೆ ನೆಲದ ಮೇಲೆ ಕೂತು, "ಕಾಲು ತೋರಿಸಿ," ಅಂದ.

ಪೊಹ್ಲೋ ಬೇಡ ಅಂತ ಕಾಲೆಳೆದುಕೊಂಡ. ರಿಖಿ ಮೆಲ್ಲಗೆ ಹಿಡಿದು ಬಟ್ಟೆ ಬಿಚ್ಚತೊಡಗಿದ.

ಗೆಹ್ರು ನಿಂತೇ ಇದ್ದ. ಅಲ್ಲಿ ಅವನಿಗೆ ಮಾಡುವ ಕೆಲಸ ಏನೂ ಉಳಿದಿರಲಿಲ್ಲ, ಹೋಗು ಅಂದವರೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪೊಹ್ಲೋ ಅವನತ್ತ ತಿರುಗದೆಯೇ ಹೇಳಿದ:

"ನೀನಿನ್ನು ಹೊರಡು ಮಿಸ್ತ್ರಿ. ಕುಲ್ಲೂ ಬಸ್ಸು ನಾಲ್ಕಕ್ಕೆ."

ಗೆಹ್ರು ರಸ್ತೆಗೆ ಇಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದ.